ನೂರು ರೂಪಾಯಿ ತಾನೇ?

ಕಂಪನಿಗಳ ದಾಖಲೆ ನೋಡಲು ಕಟ್ಟುವ ಶುಲ್ಕವನ್ನು ಪತ್ರಕರ್ತರಿಗಾದರೂ ಮನ್ನಾ ಮಾಡಬೇಕು ಅಂತ ನಾನು ಬಾಯಿ ತೆರೆದಾಗಲೆಲ್ಲ ಬರುವ ಪ್ರಶ್ನೆ ಒಂದೇ: "ನೂರು ರೂಪಾಯಿ ತಾನೇ? ಅದಕ್ಕೂ ವಿನಾಯಿತಿ ಬೇಕಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಆ 'ತಾನೇ' ಕೇಳಿದರೆ ಮೈ ಉರಿಯುತ್ತದೆ. ನೂರು ರೂಪಾಯಿ ಒಂದು ಕಂಪನಿಗೆ. ಒಂದೇ ಕಂಪನಿ ನೋಡಿ ಬರೆಯುವ ಸುದ್ದಿ ಯಾವುದು, ಹೇಳಿ?

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಪುರಸಭೆಯೊಂದು ಕಸ ಸಾಗಿಸಲು ಟೆಂಡರ್ ಕರೆದಿತ್ತು. ಬಿಡ್ ಹಾಕಿದ್ದು ಮೂರು ಕಂಪನಿ. ಮೂರೂ ಒಬ್ಬರದೇ ಅಂತ ಊರಲ್ಲೆಲ್ಲ ಗುಸುಗುಸು. ಗುಸುಗುಸುವನ್ನು ಪತ್ರಿಕೆಯಲ್ಲಿ ಬರೆಯಲಾಗದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ವಿಳಾಸ, ನಿರ್ದೇಶಕರ ಹೆಸರು ಪುಕ್ಕಟೆ ಸಿಗುತ್ತವೆ. ಷೇರು ಯಾರ ಕೈಯಲ್ಲಿದೆ ಅಂತ ತಿಳಿಯಲು ವಾರ್ಷಿಕ ರಿಟರ್ನ್, ಅಂದರೆ ಎಂಜಿಟಿ-7, ತೆರೆಯಬೇಕು. ಅದಕ್ಕೆ ದುಡ್ಡು. ಆಗ ನೂರು ಕಟ್ಟಿ ತೆರೆದರೆ ಆ ಕಂಪನಿಯ ದಾಖಲೆ ನೋಡಲು ಮೂರು ಗಂಟೆ ಸಮಯ.

ರಾತ್ರಿ ಊಟ ಮುಗಿಸಿ ಕೂತೆ. ಮೂರು ಕಂಪನಿಗೆ ಮುನ್ನೂರು. ಷೇರುದಾರರ ಪಟ್ಟಿ ತೆರೆದರೆ ಮನುಷ್ಯರಿಗಿಂತ ಕಂಪನಿಗಳೇ ಹೆಚ್ಚು. ಅವನ್ನು ತೆರೆದರೆ ಒಳಗೆ ಇನ್ನಷ್ಟು. ಹನ್ನೊಂದನೆಯದರಲ್ಲಿ ಒಂದು ಹಾಳೆ ಸಿಕ್ಕಿತು. ಓರೆಯಾಗಿ ಸ್ಕ್ಯಾನ್ ಮಾಡಿದ್ದು, ಮೂಲೆಯಲ್ಲಿ ಪಿನ್ನಿನ ನೆರಳು, ಷೇರುದಾರರ ವಿಳಾಸದಲ್ಲಿ 'ಹಿಟ್ಟಿನ ಗಿರಣಿ ಮೇಲೆ, ಒಂದನೇ ಮಹಡಿ'. ಗಂಟೆ ಒಂದಾಗಿತ್ತು, ನಿದ್ದೆ ಹಾರಿಹೋಯಿತು. ಅದೇ ಗಿರಣಿಯ ಮಹಡಿಯನ್ನು ಇನ್ನೊಬ್ಬ ಬಿಡ್‌ದಾರರ ಪಟ್ಟಿಯಲ್ಲಿ ಆಗಲೇ ಓದಿದ್ದೆ.

ಅಷ್ಟರಲ್ಲಿ 1,100 ರೂಪಾಯಿ ಹೋಗಿತ್ತು. ಆ ವರದಿಗೆ ನನಗೆ ಬಂದದ್ದು 800. ಮೂರನೇ ಬಿಡ್‌ದಾರರ ಬೆನ್ನಿಗೆ ಇನ್ನೂ ನಾಲ್ಕು ಕಂಪನಿ ಇದ್ದವು. ತೆರೆಯಲಿಲ್ಲ. ಎರಡು ಕಂಪನಿಗಳ ಬಗ್ಗೆ ಮಾತ್ರ ಬರೆದೆ.

"ಆರ್‌ಟಿಐ ಹಾಕಿ, ಹತ್ತೇ ರೂಪಾಯಿ" ಅನ್ನುವವರೂ ಇದ್ದಾರೆ. ಕಂಪನಿ ಕಾಯ್ದೆಯಡಿ ಶುಲ್ಕ ಕಟ್ಟಿ ಪಡೆಯಬಹುದಾದ ದಾಖಲೆಯನ್ನು ಆರ್‌ಟಿಐನಲ್ಲಿ ಕೇಳುವಂತಿಲ್ಲ ಅಂತ ದೆಹಲಿ ಹೈಕೋರ್ಟ್ 2012ರಲ್ಲೇ ಹೇಳಿಬಿಟ್ಟಿದೆ.

ಇನ್ನೊಂದು ಲೆಕ್ಕ ನೋಡಿ. ಕಂಪನಿ ತನ್ನ ವಾರ್ಷಿಕ ಲೆಕ್ಕಪತ್ರ ಸಲ್ಲಿಸಲು ತಡಮಾಡಿದರೆ 2018ರ ಜುಲೈಯಿಂದ ದಿನಕ್ಕೆ ನೂರು ರೂಪಾಯಿ ಹೆಚ್ಚುವರಿ ಶುಲ್ಕ. ಕೋಟಿಗಟ್ಟಲೆ ವ್ಯವಹಾರದ ಕಂಪನಿ ಒಂದು ದಿನದ ತಪ್ಪಿಗೆ ತೆರುವಷ್ಟನ್ನೇ, ಅದರ ಲೆಕ್ಕ ಒಮ್ಮೆ ನೋಡುವ ತಪ್ಪಿಗೆ ನಾನೂ ತೆರಬೇಕು. ಇದು ನ್ಯಾಯ ಅಂತ ನನ್ನನ್ನು ಯಾರೂ ಒಪ್ಪಿಸಲಾರರು.

ನೀವು ಕೇಳಬೇಕಿದ್ದ ಪ್ರಶ್ನೆಯೇ ಬೇರೆ: ಪತ್ರಕರ್ತರಿಗೆ ಮಾತ್ರ ಯಾಕೆ? ಇದನ್ನು ಕೇಳಿದರೆ ನನ್ನ ಬೇಡಿಕೆಯನ್ನು ನಾನೇ ಹಿಂದಕ್ಕೆ ಪಡೆಯುತ್ತೇನೆ. ವಿನಾಯಿತಿ ಕೊಟ್ಟರೆ ಮಾನ್ಯತಾ ಪತ್ರ ತೋರಿಸಿ ಅನ್ನುತ್ತಾರೆ. ಯಾವ ಪತ್ರಿಕೆಯ ನೌಕರನೂ ಅಲ್ಲದ, ಬಿಡಿ ವರದಿಗಾರನಾದ ನನ್ನ ಹತ್ತಿರ ಅದಿಲ್ಲ. ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು ಮಾರುವ ಕಂಪನಿ ಎಂಥದ್ದು ಅಂತ ನೋಡಲು ಹೊರಟವರ ಹತ್ತಿರವೂ ಇಲ್ಲ. ಬ್ರಿಟನ್ 2015ರ ಜೂನ್‌ನಲ್ಲಿ ಕಂಪನಿಗಳ ಡಿಜಿಟಲ್ ದಾಖಲೆಯನ್ನು ಎಲ್ಲರಿಗೂ ಉಚಿತ ಮಾಡಿತು, ಜರ್ಮನಿ 2022ರ ಆಗಸ್ಟ್‌ನಲ್ಲಿ. ಅಲ್ಲಿ ನೀನು ಯಾರು ಅಂತ ಕೇಳಿ ಬಾಗಿಲು ತೆರೆಯುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ. "ಅಣ್ಣಾ, ಕಂಪನಿ ಲಾಸಲ್ಲಿದೆ, ಜಾಸ್ತಿ ಬೋನಸ್ ಕೊಡಕ್ಕಾಗಲ್ಲ ಅಂತಿದಾರೆ. ನಿಜಾನಾ ನೋಡ್ತೀರಾ?" ನೂರು ಕಟ್ಟಿ ಲೆಕ್ಕಪತ್ರ ತೆಗೆದೆ. ಮೂರು ವರ್ಷದಿಂದ ಲಾಭ. ಪ್ರಿಂಟ್ ಕೊಟ್ಟೆ. ಲಾಭದ ಸಾಲಿನ ಕೆಳಗೆ ಪೆನ್ನಲ್ಲಿ ಗೆರೆ ಎಳೆದು, ಹಾಳೆ ಮಡಚಿ ಊಟದ ಬ್ಯಾಗಿನಲ್ಲಿಟ್ಟುಕೊಂಡಳು. ಬೇಡ ಬೇಡ ಅಂದರೂ ನೂರರ ನೋಟೊಂದನ್ನು ಮೇಜಿನ ಮೇಲಿಟ್ಟು ಹೋದಳು.