ಡೋರಿಯನ್ ಅವನೇ ಆಗಿರುವುದು

ನಿನ್ನೆ ರಾತ್ರಿ 2014ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ವಿಡಿಯೋ ಗೇಮ್ ಅನ್ನು ಮತ್ತೆ ತೆರೆದೆ. ನಾಯಕನ ಸಂಗಡಿಗರಲ್ಲೊಬ್ಬನಾದ ಮಂತ್ರವಾದಿ ಡೋರಿಯನ್ ತನ್ನ ತಂದೆಯನ್ನು ಎದುರಿಸುವ ದೃಶ್ಯ ಬಂದಾಗ ಕೈ ತಾನಾಗಿಯೇ ನಿಂತಿತು. ಮಗ ಗಂಡಸರನ್ನು ಪ್ರೀತಿಸುತ್ತಾನೆಂದು ರಕ್ತಮಂತ್ರದಿಂದ ಅವನನ್ನೇ ಬದಲಿಸಲು ಹೊರಟಿದ್ದ ತಂದೆ ಅವನು. ಎಷ್ಟನೆಯ ಸಲವೋ, ಮತ್ತೆ ಕಣ್ಣು ತುಂಬಿತು.

ಈ ಆಟದಲ್ಲಿ ಗಂಡಾಗಿಯೋ ಹೆಣ್ಣಾಗಿಯೋ ಆಡಬಹುದು, ಕೆಲವು ಸಂಗಡಿಗರ ಜೊತೆ ಪ್ರೇಮವೂ ಬೆಳೆಯಬಹುದು. ನಾಯಕಿಯಾಗಿ ಆಡಿದರೆ ಡೋರಿಯನ್ ಆಪ್ತ ಸ್ನೇಹಿತನಾಗಬಲ್ಲ, ಅಷ್ಟೇ. ಅವನ ಪ್ರೇಮ ಪುರುಷ ನಾಯಕನಿಗೆ ಮಾತ್ರ. ಇನ್ನೊಬ್ಬ ಸಂಗಾತಿ ಸೆರಾ ಎಂಬ ಹುಡುಗಿ ಒಲಿಯುವುದು ಹೆಣ್ಣಿಗೆ ಮಾತ್ರ. 2023ರ ‘ಬಾಲ್ಡರ್ಸ್ ಗೇಟ್ 3’ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರೇಮಕ್ಕೆ ಒದಗುವ ಸಂಗಡಿಗರು ಎದುರಿಗಿರುವುದು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಯಾರಿಗೂ ಬಾಗಿಲು ಮುಚ್ಚದ ಆ ಧಾರಾಳತನ ನನಗೆ ಇಷ್ಟವೇ. ಆದರೂ ಮನಸ್ಸು ವಾಲುವುದು ಡೋರಿಯನ್ ಕಡೆಗೇ. ನಾನು ಯಾರಾಗಿ ಆಡಿದರೂ ಅವನು ಅವನೇ. ನಾನು ಬರುವ ಮೊದಲೇ ಅವನಿಗೊಂದು ಬದುಕಿತ್ತು, ನೋವಿತ್ತು.

2012ರ ‘ಮಾಸ್ ಎಫೆಕ್ಟ್ 3’ರ ಸ್ಟೀವ್ ಕಾರ್ಟೆಜ್ ಕೂಡ ಹಾಗೆಯೇ. ಮೃತ ಗಂಡನ ಕೊನೆಯ ಮಾತುಗಳ ಧ್ವನಿಮುದ್ರಣವನ್ನು ಕೇಳುತ್ತಾ ಕುಳಿತಿರುತ್ತಾನೆ. ‘ನನ್ನ ಗಂಡ’ ಎಂಬ ಮಾತು ಅಲ್ಲಿ ಎಷ್ಟು ಸಹಜವಾಗಿ ಬರುತ್ತದೆ! ಇವತ್ತು ರಾತ್ರಿ ಅದನ್ನೇ ಆಡುತ್ತೇನೆ.