ಡೆಕಾಲಿಬ್ರಾನ್ ಸುತ್ತು: ನಾಲ್ಕು ಬೆಟ್ಟ, ಹಳೇ ಪಟ್ಟಾ, ಒಂದು ಬಳಸುದಾರಿ

ಅಮೆರಿಕದ ಕೊಲರಾಡೊ ರಾಜ್ಯದ ಅಲ್ಮಾ ಎಂಬ ಪುಟ್ಟ ಊರಿನಲ್ಲಿ ಹೆದ್ದಾರಿ 9 ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಡಾಂಬರು ಬೇಗ ಮುಗಿದು ಮಣ್ಣುದಾರಿ ಶುರುವಾಗುತ್ತದೆ. ಬಕ್‌ಸ್ಕಿನ್ ಕಣಿವೆಯೊಳಗೆ ಸುಮಾರು 6 ಮೈಲಿ ಸಾಗುವ ಈ ದಾರಿ ಕೈಟ್ ಲೇಕ್ ಎಂಬ ಕೆರೆಯ ದಂಡೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊರಟು ಡೆಮಾಕ್ರಟ್, ಕ್ಯಾಮರಾನ್, ಲಿಂಕನ್, ಬ್ರಾಸ್ ಎಂಬ ನಾಲ್ಕು ಬೆಟ್ಟಗಳನ್ನು ಒಂದೇ ಬೀಸಿನಲ್ಲಿ ಸುತ್ತಿ ಅದೇ ಕೆರೆಗೆ ಇಳಿಯುವ ಚಾರಣಕ್ಕೆ ಡೆಕಾಲಿಬ್ರಾನ್ ಎಂದು ಹೆಸರು. ನಾಲ್ಕೂ 14,000 ಅಡಿ ದಾಟಿದವು. ಒಟ್ಟು ನಡಿಗೆ ಸುಮಾರು ಏಳೂಕಾಲು ಮೈಲಿ, ಅಂದರೆ 12 ಕಿ.ಮೀ.ಗೆ ತುಸು ಕಡಿಮೆ. ಒಟ್ಟು ಏರು ಸುಮಾರು 3,700 ಅಡಿ. ಹಗ್ಗ ಬೇಡ, ಬಂಡೆ ಹತ್ತುವ ಕಸರತ್ತಿಲ್ಲ. ಒಂದೇ ದಿನದಲ್ಲಿ ನಾಲ್ಕು ಶಿಖರ ಎಂಬ ಆಸೆಗೆ ಜನ ಮುಗಿಬೀಳುತ್ತಾರೆ. ಕಾಲ ಕೆಳಗಿನ ನೆಲ ಯಾರದ್ದು ಎಂಬ ಪ್ರಶ್ನೆ ಬಹಳ ಮಂದಿಗೆ ಹೊಳೆಯುವುದು ದಾರಿಯಲ್ಲಿ ಫಲಕ ಎದುರಾದಾಗ ಮಾತ್ರ.

ಡೆನ್ವರ್‌ನಿಂದ ಬರುವವರು ಹೆದ್ದಾರಿ 285 ಹಿಡಿದು ಕೆನೋಷಾ ಪಾಸ್ ದಾಟಿ ಫೇರ್‌ಪ್ಲೇ ತಲುಪಿ, ಅಲ್ಲಿಂದ 9ರಲ್ಲಿ ಉತ್ತರಕ್ಕೆ 6 ಮೈಲಿ ಬಂದರೆ ಅಲ್ಮಾ. ಸುಮಾರು ಎರಡು ಗಂಟೆಯ ದಾರಿ. ಬ್ರೆಕನ್‌ರಿಡ್ಜ್ ಕಡೆಯಿಂದಾದರೆ ಹೂಸಿಯರ್ ಪಾಸ್ ಏರಿ ಇಳಿಯಬೇಕು. ಅಲ್ಮಾ ಊರೇ 10,578 ಅಡಿ ಎತ್ತರದಲ್ಲಿದೆ, ಮೀಟರಿನಲ್ಲಿ 3,224. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಮುಟ್ಟುವುದಿಲ್ಲ. ಬೆಂಗಳೂರಿನಿಂದ ಮಕ್ಕಳ ಮನೆಗೆ ಬಂದು ವಾರಾಂತ್ಯದಲ್ಲೇ ಬೆಟ್ಟಕ್ಕೆ ಹೊರಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಡಿಗೆ ಶುರುವಾಗುವ ಕೈಟ್ ಲೇಕ್ ಸುಮಾರು 12,000 ಅಡಿಯಲ್ಲಿದೆ. ನೆತ್ತಿಗಳ ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಐದರಲ್ಲಿ ಮೂರು ಪಾಲು. ಡೆನ್ವರ್‌ನಲ್ಲಿ ಎರಡು ರಾತ್ರಿ, ಫೇರ್‌ಪ್ಲೇ ಅಥವಾ ಬ್ರೆಕನ್‌ರಿಡ್ಜ್‌ನಲ್ಲಿ ಇನ್ನೊಂದು ರಾತ್ರಿ ಕಳೆದು ಹತ್ತಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ತಲೆನೋವಿನ ಜೊತೆ ವಾಂತಿಯೋ ನಡಿಗೆಯಲ್ಲಿ ತೂರಾಟವೋ ಕಂಡರೆ ಇಳಿಯುವುದೊಂದೇ ಮದ್ದು. ಮಾತ್ರೆ ನುಂಗಿ ಕಾದು ನೋಡುವ ಜಾಗ ಇದಲ್ಲ.

ಮಣ್ಣುದಾರಿಯ ಬಹುಪಾಲು ಸಾಮಾನ್ಯ ಕಾರಿಗೂ ಒಗ್ಗುತ್ತದೆ. ಕಾಡುವುದು ಕೊನೆಯ ಒಂದು ಮೈಲಿ: ಗುಂಡಿ, ಎದ್ದು ನಿಂತ ಕಲ್ಲು, ಹಿಮ ಕರಗುವ ದಿನಗಳಲ್ಲಿ ದಾರಿಗೆ ಅಡ್ಡ ಹರಿಯುವ ನೀರು. ತಳ ತಗ್ಗಿದ ಕಾರು ಇದ್ದರೆ ಅದಕ್ಕೂ ಮೊದಲೇ ಅಗಲವಾದ ಅಂಚು ನೋಡಿ ನಿಲ್ಲಿಸಿ ನಡೆಯುವುದು ಲೇಸು; ಹೋಗಿ ಬರಲು ಎರಡು ಮೈಲಿ ಹೆಚ್ಚಾಗುತ್ತದೆ, ಅಷ್ಟೇ. ಬಾಡಿಗೆ ಕಾರಿನವರು ಕರಾರಿನ ಸಣ್ಣಕ್ಷರ ಓದಿರಬೇಕು, ಮಣ್ಣುದಾರಿಯಲ್ಲಿ ಆದ ಹಾನಿಗೆ ವಿಮೆ ಕೊಡದ ಕರಾರುಗಳೇ ಜಾಸ್ತಿ. ಕೆರೆಯ ಬಳಿ ಅಮೆರಿಕ ಸರ್ಕಾರದ ಅರಣ್ಯ ಸೇವೆಯವರ (ಫಾರೆಸ್ಟ್ ಸರ್ವಿಸ್) ಸಣ್ಣ ಪಾರ್ಕಿಂಗ್, ಒಂದು ಶೌಚಾಲಯ, ಬೆರಳೆಣಿಕೆಯ ಡೇರೆ ಜಾಗಗಳಿವೆ. ಶುಲ್ಕ ಲಕೋಟೆಗೆ ಹಾಕಲು ಚಿಲ್ಲರೆ ನೋಟು ಇಟ್ಟುಕೊಂಡಿರಿ. ಜುಲೈ-ಆಗಸ್ಟ್‌ನ ಶನಿವಾರ ಬೆಳಕು ಹರಿಯುವ ಮೊದಲೇ ಜಾಗ ತುಂಬಿರುತ್ತದೆ. ದಾರಿಯಲ್ಲಿ ಮುಚ್ಚಿದ ಗೇಟು, ಗಣಿಯ ದಾರಿ, ಯಾರದೋ ಅಂಗಳ ಸಿಗುತ್ತವೆ, ಅವುಗಳಿಗೆ ಅಡ್ಡ ಕಾರು ನಿಲ್ಲಿಸಬಾರದು. ಕಣಿವೆಯ ನೆಲವೂ ತುಂಡು ತುಂಡಾಗಿ ಖಾಸಗಿಯೇ.

ಹಾಗಾಗಲು ಕಾರಣ ಈ ರಸ್ತೆಯ ಪಕ್ಕದಲ್ಲೇ ಇದೆ. ಸ್ವೀಟ್ ಹೋಮ್ ಎಂಬ ಹಳೇ ಬೆಳ್ಳಿ ಗಣಿ ಇದೇ ಕಣಿವೆಯದು. 1992ರಲ್ಲಿ ಅಲ್ಲಿ ಸಿಕ್ಕ ಕೆಂಪು ರೋಡೋಕ್ರೊಸೈಟ್ ಹರಳು ‘ಅಲ್ಮಾ ಕಿಂಗ್’ ಎಂಬ ಹೆಸರಿನಲ್ಲಿ ಡೆನ್ವರ್‌ನ ಪ್ರಕೃತಿ ವಿಜ್ಞಾನ ಮ್ಯೂಸಿಯಮ್ಮಿನಲ್ಲಿದೆ. ಮಸ್ಕಿಟೊ ಶ್ರೇಣಿಯ ಈ ಬೆಟ್ಟಗಳಲ್ಲಿ 1871ರಿಂದ ಬೆಳ್ಳಿಯ ಬೇಟೆ ಜೋರಾಯಿತು. ಬ್ರಾಸ್ ಮೇಲಿನ ಮೂಸ್ ಗಣಿ, ಡಾಲಿ ವಾರ್ಡನ್ ಗಣಿ, ಲಿಂಕನ್ ಮೇಲಿನ ರಷ್ಯಾ ಗಣಿ, ಎಲ್ಲವೂ ನೆತ್ತಿಗೆ ಹತ್ತಿರ ಹತ್ತಿರ. 1872ರ ಗಣಿ ಕಾನೂನು ಅದಿರು ಕಂಡವನಿಗೆ 1,500 ಅಡಿ ಉದ್ದ, 600 ಅಡಿ ಅಗಲದ ತುಂಡಿನ ಮೇಲೆ ಹಕ್ಕು ಕೊಟ್ಟಿತು. ಅಂದರೆ 20 ಎಕರೆಗೆ ಸ್ವಲ್ಪ ಜಾಸ್ತಿ. ಕೆಲಸ ಮಾಡಿದ್ದು ತೋರಿಸಿ, ಸರ್ವೆ ಮಾಡಿಸಿ, ಎಕರೆಗೆ 5 ಡಾಲರ್ ಕಟ್ಟಿದರೆ ಸರ್ಕಾರಿ ನೆಲ ಪಟ್ಟಾ ಆಗಿ ಕೈಗೆ ಬರುತ್ತಿತ್ತು. ಹೊಸ ಪಟ್ಟಾ ಕೊಡುವುದನ್ನು ಅಮೆರಿಕದ ಕಾಂಗ್ರೆಸ್ 1994ರಲ್ಲಿ ತಡೆಹಿಡಿಯಿತು, ಆದರೆ ಕೊಟ್ಟದ್ದು ಕೊಟ್ಟಾಗಿತ್ತು. ಅದಿರಿನ ಎಳೆ ಹೋದ ದಿಕ್ಕಿಗೆ ತುಂಡುಗಳೂ ತಿರುಗಿ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದವು. ಗಣಿಗಾರರು ಹೋದರು, ಕಾಗದ ಮಾತ್ರ ಮಗನಿಗೆ, ಮೊಮ್ಮಗನಿಗೆ, ಕೊಂಡವನಿಗೆ ಬಂತು.

ಕೆರೆಯಿಂದ ಹೊರಟ ಕಾಲುದಾರಿ ತೊರೆ ದಾಟಿ, ಗಣಿಯ ಮುರುಕು ಮನೆಗಳ ಪಕ್ಕದಲ್ಲೇ ಏರುತ್ತದೆ. ಗಿಡಮರ ಒಂದೂ ಇಲ್ಲ. ನೆರಳೂ ಇಲ್ಲ, ಮರೆಯೂ ಇಲ್ಲ. ತೊರೆಯ ನೀರು ತಿಳಿಯಾಗಿ ಕಂಡರೂ ಕುಡಿಯಲು ನಂಬಬೇಡಿ. ಗಣಿ ತ್ಯಾಜ್ಯದ ರಾಶಿಗಳ ನಡುವೆ ಹಾದು ಬಂದ ನೀರಿನಲ್ಲಿ ಲೋಹ ಕರಗಿರಬಹುದು. ಬ್ಯಾಕ್ಟೀರಿಯಾ ತಡೆಯುವ ಸಾಮಾನ್ಯ ಚಾರಣ ಫಿಲ್ಟರ್ ಅದನ್ನು ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ತಲೆಗೆ ಮೂರು ಲೀಟರ್ ಊರಿನಿಂದಲೇ ಹೊತ್ತು ತನ್ನಿ.

ಸುಮಾರು ಒಂದೂವರೆ ಮೈಲಿಯ ಏರಿನ ನಂತರ ಡೆಮಾಕ್ರಟ್ ಮತ್ತು ಕ್ಯಾಮರಾನ್ ನಡುವಿನ ತಗ್ಗು, ಚಾರಣಿಗರ ಮಾತಿನಲ್ಲಿ ಸ್ಯಾಡಲ್, 13,400 ಅಡಿಯ ಆಸುಪಾಸು. ಗಾಳಿಯ ನಿಜವಾದ ಹೊಡೆತ ಮೊದಲು ತಿಳಿಯುವುದು ಇಲ್ಲಿ. ಜಾಕೆಟ್ ತಲುಪುವ ಮೊದಲೇ ಹಾಕಿಕೊಳ್ಳಿ, ನಿಂತ ಮೇಲೆ ಚೀಲ ಬಿಚ್ಚುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ಜೂನ್ ಕೊನೆಯವರೆಗೂ ಸ್ಯಾಡಲ್ ಕೆಳಗಿನ ಇಳಿಜಾರಿನಲ್ಲಿ ಹಿಮದ ಪಟ್ಟಿ ಉಳಿದಿರಬಹುದು. ಬೆಳಗಿನ ಜಾವ ಅದು ಗಾಜಿನಷ್ಟು ಗಟ್ಟಿ, ಹತ್ತು ಗಂಟೆಗೆ ಮೊಣಕಾಲವರೆಗೆ ಕುಸಿಯುವ ಕೆಸರು. ಬೂಟಿಗೆ ತೊಡಿಸುವ ಮೈಕ್ರೊಸ್ಪೈಕ್ ಬೆಳಗಿನ ಹಿಮಕ್ಕೆ ಸಾಕು. ಮಧ್ಯಾಹ್ನದ ಹಿಮಕ್ಕೆ ಅದು ಏನೂ ಮಾಡದು.

ಎಡಕ್ಕೆ ಡೆಮಾಕ್ರಟ್, 14,148 ಅಡಿ. ತಿರುವು ತಿರುವಾಗಿ ಏರಿದ ದಾರಿ ಒಂದು ಹುಸಿ ನೆತ್ತಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಗಣಿಯ ಅವಶೇಷಗಳಿವೆ, ನಿಜವಾದ ನೆತ್ತಿ ಇನ್ನೂ ಮುಂದೆ. ಎಷ್ಟೋ ಮಂದಿ ಹುಸಿ ನೆತ್ತಿಯಲ್ಲೇ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ! ಈ ನೆತ್ತಿ ಈಗ ಸಾರ್ವಜನಿಕ ಆಸ್ತಿ. 2023ರಲ್ಲಿ ಕನ್ಸರ್ವೇಶನ್ ಫಂಡ್ ಎಂಬ ಸಂಸ್ಥೆ ನೆತ್ತಿಯೂ ಸೇರಿ 289 ಎಕರೆ ಕೊಂಡು ಅರಣ್ಯ ಸೇವೆಗೆ ಹಸ್ತಾಂತರಿಸಿತು. ನಡೆಯಲು ಎಲ್ಲಿ ಹಕ್ಕಿದೆ ಎಂಬ ಗೊಂದಲಕ್ಕೆ ಸುಲಭದ ಉತ್ತರ ಕೊಂಡುಬಿಡುವುದೇ, ಆದರೆ ಅದಕ್ಕೆ ಮಾರಲು ಒಪ್ಪುವ ಒಬ್ಬ ಒಡೆಯ ಬೇಕು.

ಮತ್ತೆ ಸ್ಯಾಡಲ್‌ಗೆ ಇಳಿದು ಎದುರಿನ ಕ್ಯಾಮರಾನ್ ಹತ್ತಬೇಕು. ಎಂಟುನೂರು ಅಡಿ ಮೀರಿದ ಈ ಏರು ಇಡೀ ಸುತ್ತಿನಲ್ಲಿ ಉಸಿರು ಹಿಂಡುವ ಭಾಗ. ತಲುಪಿದರೆ ನೆತ್ತಿ ಅನ್ನಿಸದಷ್ಟು ಚಪ್ಪಟೆ, ಜಲ್ಲಿ ಸುರಿದ ಮೈದಾನ. 14,238 ಅಡಿ ಇದ್ದರೂ ಅಧಿಕೃತ ಪಟ್ಟಿಗಳಲ್ಲಿ ಇದಕ್ಕೆ ಕ್ರಮಾಂಕವಿಲ್ಲ. ಪಕ್ಕದ ಲಿಂಕನ್‌ಗೆ ಸೇರುವ ತಗ್ಗಿನಿಂದ ಕನಿಷ್ಠ 300 ಅಡಿ ಎದ್ದಿರಬೇಕೆಂಬ ನಿಯಮಕ್ಕೆ ಅರ್ಧದಷ್ಟೂ ಮುಟ್ಟುವುದಿಲ್ಲ. ಅಲ್ಲಿಂದ ಅರ್ಧ ಮೈಲಿಯಲ್ಲಿ ಲಿಂಕನ್, 14,286 ಅಡಿ, ಸುತ್ತಿನ ಅತಿ ಎತ್ತರದ ಜಾಗ. ನೆತ್ತಿ ಕಿರಿದು, ಬಂಡೆಯದು. ಹತ್ತು ಜನ ಸೇರಿದರೆ ಸಂತೆ.

ಕಾನೂನಿನ ಹಗ್ಗಜಗ್ಗಾಟ ಹೆಚ್ಚು ನಡೆದದ್ದು ಇವುಗಳ ಸುತ್ತಲೇ. ಒಡೆಯರಿಗೆ ಚಾರಣಿಗರ ಮೇಲೆ ದ್ವೇಷವಿಲ್ಲ, ಹೆದರಿಕೆ ಮೊಕದ್ದಮೆಯದು. ಕೊಳೆತ ಮರದ ತೊಲೆಗಳ ಗಣಿಬಾವಿ, ಹಿಮ ಮುಚ್ಚಿದ ಕಿಂಡಿ, ಆಮ್ಲಜನಕವಿಲ್ಲದ ಸುರಂಗ ಇರುವ ಜಾಗದಲ್ಲಿ ಯಾರಾದರೂ ಬಿದ್ದರೆ ಹೊಣೆ ಯಾರು? 2005ರಲ್ಲಿ ಇದೇ ಭಯಕ್ಕೆ ಬೆಟ್ಟಗಳನ್ನು ಮುಚ್ಚಿದರು. ಮರುವರ್ಷ ರಾಜ್ಯ ಕಾನೂನು ತಿದ್ದಿ, ಅಲ್ಮಾ ಪಟ್ಟಣ ಆ ನೆಲವನ್ನು ನಾಮಮಾತ್ರದ ಗುತ್ತಿಗೆಗೆ ಪಡೆಯಲು ಮುಂದೆ ಬಂದು, ಬ್ರಾಸ್ ನೆತ್ತಿ ಬಿಟ್ಟು ಉಳಿದವು ತೆರೆದವು. ಆಮೇಲೆ ಕಿಡಿ ಹೊತ್ತಿದ್ದು ಇಲ್ಲಿಂದ ಬಹುದೂರದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ಅಲ್ಲಿನ ವಾಯುಪಡೆ ಅಕಾಡೆಮಿಯ ಜಾಗದ ದಾರಿಯೊಂದರಲ್ಲಿ 2008ರಲ್ಲಿ ಸೈಕಲ್ ಸವಾರರೊಬ್ಬರು ಕುಸಿದ ಗುಂಡಿಗೆ ಬಿದ್ದು ತೀವ್ರವಾಗಿ ಗಾಯಗೊಂಡರು. ಗುಂಡಿಯ ವಿಷಯ ಅಕಾಡೆಮಿಯ ಸಿಬ್ಬಂದಿಗೆ ಮೊದಲೇ ಗೊತ್ತಿತ್ತು, ಎಚ್ಚರಿಕೆ ಕೊಟ್ಟಿರಲಿಲ್ಲ. 73 ಲಕ್ಷ ಡಾಲರ್ ಆಸುಪಾಸಿನ ಪರಿಹಾರವನ್ನು ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಎತ್ತಿಹಿಡಿಯಿತು. ಅಪಾಯ ಗೊತ್ತಿದ್ದೂ ಎಚ್ಚರಿಸದವನಿಗೆ ರಕ್ಷಣೆಯಿಲ್ಲ ಎಂಬ ಷರತ್ತು, ಜನರ ವಿಹಾರಕ್ಕೆ ಜಾಗ ಬಿಟ್ಟ ಒಡೆಯರನ್ನು ಮೊಕದ್ದಮೆಯಿಂದ ಕಾಯುವ ರಾಜ್ಯದ ಹಳೇ ಕಾನೂನಿನಲ್ಲೇ ಇತ್ತು. ಅದರ ಬೆಲೆ ಎಷ್ಟೆಂದು ಜಮೀನುದಾರರಿಗೆ ಆಗ ತಿಳಿಯಿತು. 2021ರಲ್ಲಿ ಒಮ್ಮೆ ಮುಚ್ಚಿ ತೆರೆದರು. 2023ರಲ್ಲಿ ತಿದ್ದುಪಡಿ ಮಸೂದೆ ಬಿದ್ದುಹೋದಾಗ ಮತ್ತೆ ಮುಚ್ಚಿದರು. ಆಗಸ್ಟ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೊಣೆಮುಕ್ತಿ ಪತ್ರಕ್ಕೆ ಒಪ್ಪಿದವರಿಗೆ ಬಿಟ್ಟರು. ಕೊನೆಗೆ 2024ರ ಮಾರ್ಚ್‌ನಲ್ಲಿ ಹೊಸ ಕಾನೂನಿಗೆ ರಾಜ್ಯಪಾಲರ ಸಹಿ ಬಿತ್ತು. ಮುಖ್ಯ ಪ್ರವೇಶದಲ್ಲಿ ಅಪಾಯ ತಿಳಿಸುವ ಫಲಕ ನಿಲ್ಲಿಸಿದ ಒಡೆಯನಿಗೆ ಅದು ರಕ್ಷಣೆ ಕೊಡುತ್ತದೆ.

ಆದ್ದರಿಂದ ಕೆರೆಯ ಬಳಿಯ ಫಲಕ ಅಲಂಕಾರಕ್ಕಲ್ಲ. ನಿಂತು ಪೂರ್ತಿ ಓದಿ. ನಿಯಮ ಋತುವಿನಿಂದ ಋತುವಿಗೆ ಬದಲಾದದ್ದುಂಟು, ಹೊರಡುವ ವಾರದಲ್ಲೇ ಅರಣ್ಯ ಸೇವೆಯ ಸೌತ್ ಪಾರ್ಕ್ ಕಚೇರಿ ಅಥವಾ ಈ ಎತ್ತರದ ಬೆಟ್ಟಗಳ ಕಾಲುದಾರಿ ನೋಡಿಕೊಳ್ಳುವ ಕೊಲರಾಡೊ ಫೋರ್ಟೀನರ್ಸ್ ಇನಿಷಿಯೇಟಿವ್ ಸಂಸ್ಥೆಯ ಸೂಚನೆ ನೋಡಿಕೊಳ್ಳಿ. ಸಹಿ ಕೇಳುವ ಋತುವಾದರೆ ಫೋನ್ ಸಿಗ್ನಲ್ ಇರುವ ಅಲ್ಮಾದಲ್ಲೇ ಮುಗಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಜಾಣತನ. ಗುರುತಿಸಿದ ದಾರಿ ಬಿಟ್ಟು ಗಣಿಯ ಬಾಯಿಗೆ ಇಣುಕಿದ ಗಳಿಗೆಯಿಂದ ನೀವು ಅತಿಥಿಯಲ್ಲ, ಅತಿಕ್ರಮಣಕಾರ.

ಲಿಂಕನ್‌ನಿಂದ ಹಿಂದಿರುಗುವಾಗ ಕ್ಯಾಮರಾನ್ ನೆತ್ತಿ ಮತ್ತೆ ಹತ್ತಬೇಕಿಲ್ಲ. ಪಕ್ಕೆಯ ಜಾಡು ಹಿಡಿದರೆ ಕ್ಯಾಮರಾನ್-ಬ್ರಾಸ್ ನಡುವಿನ 13,850 ಅಡಿಯ ತಗ್ಗು ಸಿಗುತ್ತದೆ. ಮೋಡ ಕವಿದರೆ ಈ ಬೋಳು ಬಯಲಿನಲ್ಲಿ ದಿಕ್ಕು ತಪ್ಪುವುದು ಸುಲಭ, ಏಕೆಂದರೆ ಹಳೇ ಗಣಿದಾರಿಗಳು ನಾಲ್ಕೂ ಕಡೆ ಸೀಳಿಕೊಂಡಿವೆ, ಅವುಗಳಲ್ಲಿ ಕೆಲವು ಕಾಲುದಾರಿಗಿಂತ ಚೆನ್ನಾಗಿ ಕಾಣುತ್ತವೆ.

ಮುಂದಿನದು ಬ್ರಾಸ್, 14,172 ಅಡಿ. ಅಜ್ಜನ ಜಮೀನಿನ ಪಹಣಿಯಲ್ಲಿ ಹತ್ತಾರು ಹೆಸರು ಕೂತಿರುವಂತೆ ಇದರ ನೆತ್ತಿಯ ಪಟ್ಟಾಗಳು ಹಲವರ ಕೈಯಲ್ಲಿ ಹಂಚಿಹೋಗಿದ್ದವು. ಎಲ್ಲರೂ ಒಪ್ಪದೆ ದಾರಿ ಬಿಡುವಂತಿಲ್ಲ. 2006ರಲ್ಲಿ ಉಳಿದವು ತೆರೆದಾಗಲೂ, 2024ರ ಕಾನೂನು ಬಂದಾಗಲೂ ನೆತ್ತಿ ಮುಚ್ಚಿಯೇ ಇತ್ತು. ಅದಕ್ಕೇ ನೆತ್ತಿಗಿಂತ ಕೆಳಗೆ, ಪಶ್ಚಿಮದ ಪಕ್ಕೆಯಲ್ಲಿ ಬಳಸುದಾರಿ ಕಡಿದರು. ತೊಂದರೆ ಏನೆಂದರೆ ನೆತ್ತಿ ಅಲ್ಲೇ, ಹದಿನೈದು ನಿಮಿಷದ ಮೆದು ಏರಿನಾಚೆ ಕಾಣುತ್ತಿರುತ್ತದೆ. ಫೋನಿನಲ್ಲಿರುವ ಹಳೇ ಜಿಪಿಎಸ್ ಜಾಡು ನೇರ ಅದರ ಮೇಲೇ ಹಾಯುತ್ತದೆ. ಮುಂದೆ ಹೋದವರ ಹೆಜ್ಜೆಯೂ ಅತ್ತಲೇ. ಪಟ್ಟಿಗೆ ಟಿಕ್ ಹಾಕಲು ಹತ್ತುವವರ ಸಂಖ್ಯೆ ಸಣ್ಣದಲ್ಲ. ಅವರು ಕಳೆದುಕೊಳ್ಳುವುದು ಏನೂ ಇಲ್ಲದಿರಬಹುದು, ಆದರೆ ಬೇರೆ ಒಡೆಯರ ಜೊತೆ ಮಾತುಕತೆಗೆ ಕೂತವರ ಬಾಯಿ ಕಟ್ಟುವುದು ಇದೇ ಹೆಜ್ಜೆಗಳು. ಹೊರಡುವ ಮೊದಲು ಹೊಸ ಜಾಡನ್ನು ಫೋನಿಗೆ ಇಳಿಸಿಕೊಳ್ಳಿ, ಸೂಚನೆಯಲ್ಲಿ ನೆತ್ತಿ ತೆರೆದಿದೆ ಎಂದಿದ್ದರೆ ಮಾತ್ರ ಹತ್ತಿ.

ಇಡೀ ಸುತ್ತಿನ ಕೆಟ್ಟ ನೆಲ ಬ್ರಾಸ್‌ನಿಂದ ಕೆರೆಗೆ ಇಳಿಯುವ ಪಶ್ಚಿಮ ಇಳಿಜಾರು. ಸುಮಾರು ಎರಡು ಸಾವಿರ ಅಡಿ, ಕಡಿದಾದ ಕೊರಕಲು, ಗಟ್ಟಿ ಮಣ್ಣಿನ ಮೇಲೆ ಗೋಲಿಯಂಥ ಸಡಿಲ ಜಲ್ಲಿ. ಕಾಲು ಹೂತುಕೊಳ್ಳುವಷ್ಟು ಆಳವಿಲ್ಲ, ಹಿಡಿತ ಸಿಗುವಷ್ಟು ಗಟ್ಟಿಯಿಲ್ಲ. ಪಾದ ಜಾರಿ ಅಂಗೈ ಊರುವುದು, ಮಣಿಕಟ್ಟು ತಿರುಚುವುದು ಇಲ್ಲಿ ಮಾಮೂಲು. ಎರಡು ಊರುಗೋಲು ತನ್ನಿ, ಇಳಿಯುವಾಗ ಉದ್ದ ಹೆಚ್ಚಿಸಿ, ಹಿಮ್ಮಡಿಯ ಮೇಲೆ ಭಾರ ಬಿಟ್ಟು ಚಿಕ್ಕ ಹೆಜ್ಜೆ ಇಡಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬೇಡಿ. ಕಲ್ಲು ಉರುಳಿದರೆ ಕೂಗಿ ಹೇಳಿ. ಸುತ್ತನ್ನು ತಿರುಗುಮುರುಗು ಮಾಡಿ ಬ್ರಾಸ್ ಕಡೆಯಿಂದ ಹತ್ತುವ ಉಪಾಯ ಕೆಲವರದು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತದೆ, ಬೇಡ. ಮೊಣಕಾಲು ಕೆಟ್ಟವರು ಲಿಂಕನ್‌ನಿಂದ ಬಂದ ದಾರಿಯಲ್ಲೇ ಹಿಂದಿರುಗುವುದು ಒಳ್ಳೆಯದು. ಹೆಚ್ಚು ನಡಿಗೆ, ಕ್ಯಾಮರಾನ್ ಮೇಲೊಂದು ಸಣ್ಣ ಮರು ಏರು, ಆದರೆ ಇಳಿಜಾರು ನಂಬಬಹುದಾದದ್ದು. ಬ್ರಾಸ್‌ನ ಗೊಡವೆಯೂ ತಪ್ಪುತ್ತದೆ.

ಸಮಯಕ್ಕೆ ಬಂದರೆ, ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ದಾರಿ ಸಾಮಾನ್ಯವಾಗಿ ಒಣಗಿರುತ್ತದೆ. ಆದರೆ ಜುಲೈ, ಆಗಸ್ಟ್ ಸಿಡಿಲಿನ ತಿಂಗಳುಗಳು, ಹೆಚ್ಚಿನ ದಿನ ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ. ಒಮ್ಮೆ ಕ್ಯಾಮರಾನ್ ಮೇಲೆ ಹೋದಿರೋ, ಮುಂದಿನ ಎರಡು ಗಂಟೆ ತಗ್ಗಿಗೆ ಓಡಿ ಇಳಿಯುವ ಸುಲಭ ದಾರಿಯಿಲ್ಲ. ಆದ್ದರಿಂದ ನಿರ್ಧಾರ ಆಗಬೇಕಾದ್ದು ಮೊದಲ ಸ್ಯಾಡಲ್‌ನಲ್ಲಿ, ಡೆಮಾಕ್ರಟ್ ಇಳಿದ ಮೇಲೆ. ಗಂಟೆ ಒಂಬತ್ತೂವರೆ ದಾಟಿದ್ದು ಪಶ್ಚಿಮದಲ್ಲಿ ಹೂಕೋಸಿನಂತೆ ಮೋಡ ಎದ್ದಿದ್ದರೆ ಕೆರೆಗೆ ಇಳಿಯಿರಿ. ಆರರಿಂದ ಎಂಟು ಗಂಟೆಯ ನಡಿಗೆಗೆ ಬೆಳಗಿನ ಐದಕ್ಕೇ ಹೆಜ್ಜೆ ಹಾಕಿರಬೇಕು, ತಲೆದೀಪ ಜೊತೆಗಿರಲಿ. ಚಳಿಗಾಲದಲ್ಲಿ ರಸ್ತೆಯ ಹಿಮ ಕೆರೆಯವರೆಗೆ ತೆಗೆಯುವುದಿಲ್ಲ. ಕೆಳಗೆ ಕಾರು ಬಿಟ್ಟು ಮೈಲಿಗಟ್ಟಲೆ ನಡೆಯಬೇಕು, ಹಿಮಕುಸಿತದ ಅರಿವೂ ಬೇಕು.

ದಾರಿ ಮುಚ್ಚಿದ ದಿನವೋ ಮೋಡ ತಿರುಗಿಸಿದ ದಿನವೋ ಅಲ್ಮಾವರೆಗೆ ಬಂದದ್ದು ವ್ಯರ್ಥವಾಗದಿರಲು ಬ್ರಾಸ್‌ನ ಪೂರ್ವ ಮಗ್ಗುಲಿನ ವಿಂಡಿ ರಿಡ್ಜ್ ಇದೆ. 11,700 ಅಡಿಯಲ್ಲಿ, ಗಾಳಿಗೆ ಬಾಗಿ ತಿರುಚಿದ ಬ್ರಿಸಲ್‌ಕೋನ್ ಪೈನ್ ಮರಗಳ ಸಣ್ಣ ತೋಪು. ಅರಣ್ಯ ಸೇವೆಯ ನೆಲ. ಕೊನೆಯ ಭಾಗದ ಮಣ್ಣುದಾರಿಗೆ ಎತ್ತರದ ತಳದ ವಾಹನ ಬೇಕು. ಆ ದಾರಿ ಅಲ್ಲಿಂದ ಮೇಲಕ್ಕೂ, ಹಳೇ ಗಣಿಗಳ ಕಡೆಗೆ ಮುಂದುವರಿಯುತ್ತದೆ. ಅಲ್ಲಿಯೂ ಖಾಸಗಿ ಜಾಗದ ಫಲಕ ಕಂಡಲ್ಲೇ ತಿರುಗಿ ಬನ್ನಿ.