ಗೆಜ್ಜೆಯಿಲ್ಲದ ಬಯಾದೇರ್

ಫ್ರೆಂಚ್ ಸಂಗೀತಕಾರ ಒಬೇರ್ ರಚಿಸಿದ, ದೇವರು ಮತ್ತು ಬಯಾದೇರ್‌ಳ ಕಥೆಯ ಒಪೆರಾ 1830ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿತು. ಭಾರತದ ದೇವಾಲಯಗಳ ನರ್ತಕಿಯರನ್ನು ಯುರೋಪಿನವರು ಆಗ ಬಯಾದೇರ್ ಎಂದು ಕರೆಯುತ್ತಿದ್ದರು. ಕಥೆಯ ಬೀಜ ಜರ್ಮನ್ ಕವಿ ಗಯಟೆ 1797ರಲ್ಲಿ ಬರೆದ ಕವನದಲ್ಲಿದೆ. ಮನುಷ್ಯರೂಪದಲ್ಲಿ ಭೂಮಿಗಿಳಿದ ದೇವರನ್ನು ಪ್ರೀತಿಸಿದ ನರ್ತಕಿ ಕೊನೆಗೆ ಬೆಂಕಿಗೆ ಹಾರಿ ಅವನೊಂದಿಗೆ ಸ್ವರ್ಗ ಸೇರುತ್ತಾಳೆ. ಒಪೆರಾದಲ್ಲಿ ಅವಳ ಹೆಸರು ಜೊಲೊಯೆ. ಉಳಿದವರು ಹಾಡುವಾಗ ಅವಳು ಹಾಡುವುದಿಲ್ಲ, ನರ್ತಿಸುತ್ತಾಳೆ. ಆ ಪಾತ್ರವನ್ನು ವಹಿಸಿದವರು ಆ ಕಾಲದ ಹೆಸರಾಂತ ಬ್ಯಾಲೆ ನರ್ತಕಿ ಮಾರಿ ತಾಲ್ಯೋನಿ.

ಈ ಕಲ್ಪಿತ ನರ್ತಕಿ ರಂಗಮಂದಿರದಿಂದ ಮನೆಮನೆಯ ಪಿಯಾನೋದ ಮೇಲಕ್ಕೆ ಬಂದದ್ದು ಸ್ವರಲಿಪಿಯ ಹಾಳೆಗಳ ಮೂಲಕ. ಧ್ವನಿಮುದ್ರಣವಿಲ್ಲದ ಕಾಲದಲ್ಲಿ ಜನಪ್ರಿಯ ಒಪೆರಾಗಳ ರಾಗಗಳನ್ನು ಕ್ವಾಡ್ರಿಲ್, ಗ್ಯಾಲಪ್, ವಾಲ್ಟ್ಸ್ ಎಂಬ ಕುಣಿತದ ಧಾಟಿಗಳಾಗಿ ಪಿಯಾನೋಗೆ ಹೊಂದಿಸಿ, ಮುಖಪುಟಕ್ಕೊಂದು ಚಿತ್ರ ಹಾಕಿ ಮಾರುವುದು ಪ್ರಕಾಶಕರ ದೊಡ್ಡ ವ್ಯಾಪಾರವಾಗಿತ್ತು. ಒಳಪುಟಗಳ ಸ್ವರಗಳನ್ನು ಸಾಮಾನ್ಯವಾಗಿ ಲೋಹದ ತಗಡಿನಲ್ಲಿ ಕೊರೆದು ಅಚ್ಚು ಮಾಡುತ್ತಿದ್ದರೆ, ಮುಖಪುಟದ ಚಿತ್ರಕ್ಕೆ ಒದಗಿದ್ದು ಕಲ್ಲಚ್ಚು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಶಾಯಿ ಹಚ್ಚಿದರೆ ಗೆರೆಯಿದ್ದಲ್ಲಿ ಮಾತ್ರ ಶಾಯಿ ನಿಲ್ಲುತ್ತದೆ. ತೆಳುವಾದ ಬಟ್ಟೆಯ ಮಡಿಕೆ, ಮುಸುಕಿನ ಹಿಂದಿನ ಮುಖ, ನೆರಳಿನ ಮೃದುತ್ವ ಇವೆಲ್ಲ ಕೊರೆಯುವ ಉಳಿಗಿಂತ ಈ ಕಡ್ಡಿಗೆ ಹೆಚ್ಚು ಸುಲಭವಾಗಿ ಒಲಿಯುತ್ತಿದ್ದವು. ಇದೇ ಕಲ್ಲಚ್ಚು 1841ರಲ್ಲಿ ಬಾಸೆಲ್ ಮಿಷನ್ನಿನವರ ಮುದ್ರಣಾಲಯದೊಂದಿಗೆ ಮಂಗಳೂರಿಗೂ ಬಂತು. ನಮ್ಮ ಕಾಸರಗೋಡಿನ ನೆಲವೂ ಆಗ ಮಂಗಳೂರು ಕೇಂದ್ರವಾಗಿದ್ದ ಕೆನರಾ ಜಿಲ್ಲೆಯಲ್ಲೇ ಇತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮೂಡಿದ್ದು ಅಂಥ ಕಲ್ಲಿನ ಮೇಲೆಯೇ ಎಂಬುದನ್ನು ನೆನೆದಾಗ, ದೂರದ ಆ ಚಿತ್ರಗಳು ನನಗೆ ಅಷ್ಟೇನೂ ಪರಕೀಯವೆನಿಸುವುದಿಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತೆಂಕುತಿಟ್ಟಿನ ಯಕ್ಷಗಾನದ ಆಟಗಳನ್ನು ನೋಡುತ್ತಾ ಬೆಳೆದವರ ಕಣ್ಣು ನರ್ತಕಿಯ ಚಿತ್ರ ಕಂಡೊಡನೆ ಕಾಲಿನತ್ತ ಹೋಗುತ್ತದೆ. ಬಯಾದೇರ್‌ಳ ಚಿತ್ರಗಳಲ್ಲಿ ತಲೆಯಿಂದ ಸೊಂಟದವರೆಗೆ ಪೂರ್ವದೇಶದ ಗುರುತುಗಳು ಧಾರಾಳವಾಗಿವೆ: ಮುಸುಕು, ಮಣಿಸರ, ತೋಳಬಂದಿ, ಪಟ್ಟೆಪಟ್ಟೆಯ ನಡುವಸ್ತ್ರ. ಸೊಂಟದಿಂದ ಕೆಳಗೆ ಅವಳು ಪೂರ್ತಿಯಾಗಿ ಪ್ಯಾರಿಸ್ಸಿನವಳು. ಮೊಳಕಾಲಿನ ಕೆಳಗೆ ಹರಡಿದ ಗಾಳಿಯಂಥ ಬಿಳಿ ಲಂಗ, ಕಾಣುವಷ್ಟೇ ಚಿಕ್ಕದಾಗಿ ಚೂಪುಗೊಳಿಸಿದ ಪಾದ, ಅದಕ್ಕೆ ಸ್ಯಾಟಿನ್ನಿನ ಪಾದರಕ್ಷೆ. ಗೆಜ್ಜೆ ಇಲ್ಲ. ನಮ್ಮಲ್ಲಿ ಕುಣಿಯುವವರ ಕಾಲು ಹಿಮ್ಮೇಳದ ಇನ್ನೊಂದು ವಾದ್ಯ. ಚೆಂಡೆ ಮದ್ದಳೆಗಳ ಪೆಟ್ಟಿಗೆ ಅದು ನೆಲದಿಂದಲೇ ಉತ್ತರ ಕೊಡುತ್ತದೆ. ದೇವಾಲಯದ ನರ್ತಕಿಯ ಅರೆಮಂಡಿಯೂ, ಅಂದರೆ ಮೊಣಕಾಲು ಬಾಗಿಸಿದ ಅರೆಕುಳಿತ ನಿಲುವೂ, ಮೈಯ ಭಾರವನ್ನು ನೆಲಕ್ಕೆ ಒಪ್ಪಿಸಿ, ಅಂಗಾಲಿನಿಂದ ತಾಳವನ್ನು ನುಡಿಸುವುದಕ್ಕಾಗಿಯೇ ಇರುವಂಥದ್ದು. ಸಂಗೀತವನ್ನು ಮಾರುವ ಹಾಳೆಯ ಮೇಲೆಯೇ ನರ್ತಕಿಯ ವಾದ್ಯವನ್ನು ಅವಳ ಕಾಲಿನಿಂದ ಕಳಚಿಬಿಟ್ಟಿದ್ದಾರೆ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ.

ಇದಕ್ಕೆ ಕಾರಣ ಕೇವಲ ಅಜ್ಞಾನವೆಂದು ನಾನು ಭಾವಿಸುವುದಿಲ್ಲ. ಹಾಳೆ ಕೊಳ್ಳುವವರಿಗೆ ಬೇಕಿದ್ದದ್ದು ಭಾರತದ ನರ್ತಕಿಯಲ್ಲ, ಆ ಪಾತ್ರದಲ್ಲಿ ತಾವು ಕಂಡ, ಅಥವಾ ಕಾಣಲಾಗದೆ ಹೋದ, ತಾರೆ. ತಾಲ್ಯೋನಿಯವರ ಕೀರ್ತಿಯೆಲ್ಲ ನೆಲವನ್ನು ಮುಟ್ಟಿಯೂ ಮುಟ್ಟದಂತೆ ತೇಲುವ ಕಲೆಯ ಮೇಲೆ ನಿಂತಿತ್ತು. ಅವರ ಹೋಲಿಕೆ ಕೆಡದಂತೆ ಭಾರತವನ್ನು ತೋರಿಸಬೇಕಾದ ಚಿತ್ರಕಾರ ಒಡವೆಗಳಲ್ಲಿ ಸ್ವಾತಂತ್ರ್ಯ ವಹಿಸಿ, ಕಾಲನ್ನು ಮುಟ್ಟಲಿಲ್ಲ.

ನಿಜವಾದ ಕಾಲುಗಳು ಪ್ಯಾರಿಸ್ಸಿಗೆ ಬಂದದ್ದು ಎಂಟು ವರ್ಷಗಳ ನಂತರ. ಪುದುಚೇರಿಯ ಸಮೀಪದ ತಿರುವೇಂದಿಪುರದ ದೇವದಾಸಿಯರ ತಂಡವೊಂದು ತನ್ನ ವಾದ್ಯಗಾರರೊಡನೆ 1838ರಲ್ಲಿ ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಪ್ರದರ್ಶನ ನೀಡಿತು. ಅವರಲ್ಲಿ ಅಮಾನಿ ಎಂಬಾಕೆಯನ್ನು ಕವಿ ಥಿಯೊಫಿಲ್ ಗೋತಿಯೆ ಮನಸಾರೆ ಮೆಚ್ಚಿ ಬರೆದರು. ಶಿಲ್ಪಿ ಬಾರ್ ಆಕೆಯ ಸಣ್ಣ ಪ್ರತಿಮೆಯನ್ನು ಮಾಡಿದರು. ಇದೇ ಬಾರ್ ತಾಲ್ಯೋನಿಯವರ ಪ್ರತಿಮೆಯನ್ನೂ ಮಾಡಿದ್ದರು ಎಂಬುದು ಗಮನಾರ್ಹ, ಏಕೆಂದರೆ ಒಂದೇ ಕೈ ಎರಡು ಬಗೆಯ ನರ್ತಕಿಯರನ್ನು ಎದುರಿಗಿಟ್ಟು ನೋಡಿತ್ತು.

ಆದರೂ ಕಲ್ಪಿತ ಬಯಾದೇರ್‌ಳ ರೂಪ ಬದಲಾಗಲಿಲ್ಲ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೃತ್ಯಸಂಯೋಜಕ ಪೆತಿಪಾ, ಮಿಂಕುಸ್‌ರ ಸಂಗೀತಕ್ಕೆ ಸಂಯೋಜಿಸಿದ ಬ್ಯಾಲೆಯ ನಿಕಿಯಾ ಕೂಡ ತುದಿಗಾಲಿನ ಮೇಲೆಯೇ ನಿಂತ ದೇವಾಲಯದ ನರ್ತಕಿ. ಇಂಥ ಹಳೆಯ ಮುಖಪುಟಗಳಲ್ಲಿ ಹಲವನ್ನು ಗ್ರಂಥಾಲಯಗಳು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ನಮ್ಮ ಜಿಲ್ಲೆಯಲ್ಲಿ ಭರತನಾಟ್ಯವನ್ನೋ ಯಕ್ಷಗಾನದ ಹೆಜ್ಜೆಗಳನ್ನೋ ಕಲಿಸುವ ಗುರುಗಳು ಜೊಲೊಯೆಯ ಒಂದು ಚಿತ್ರವನ್ನೂ ಬಾರ್‌ರ ಅಮಾನಿಯ ಪ್ರತಿಮೆಯ ಚಿತ್ರವನ್ನೂ ಜೊತೆಗಿಟ್ಟು ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಕೋರಿಕೆ. ಮೈಯ ಭಾರ ಎಲ್ಲಿ ನಿಂತಿದೆ ಎಂದು ಕೇಳಿದರೆ, ಗೆಜ್ಜೆ ಕಟ್ಟಿ ಅಭ್ಯಾಸವಿರುವ ಮಕ್ಕಳು ಉಳಿದುದನ್ನು ತಾವೇ ಗುರುತಿಸುತ್ತಾರೆ.